ಮುನಿಯಪ್ಪನವರ ಎಡಗಿವಿ

ಮುನಿಯಪ್ಪನವರು ಲಾರಿ ಇಂಜಿನ್ನಿನ ಮಾತನ್ನು ಹಲ್ಲಿನಿಂದ ಕೇಳುತ್ತಿದ್ದರು. ಬೇರೆ ಮೆಕ್ಯಾನಿಕ್ಕುಗಳು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಆಲಿಸುವುದುಂಟು. ಇವರು ಆ ಮರದ ಹಿಡಿಯನ್ನು ಬಾಯಲ್ಲಿ ಕಚ್ಚಿಕೊಂಡು, ಕಣ್ಣು ಮುಚ್ಚಿ, ಬಾನೆಟ್ಟಿನೊಳಕ್ಕೆ ಬಗ್ಗುತ್ತಿದ್ದರು. ಹೊಸಬರು ನೋಡಿದರೆ ಆರಡಿ ಎತ್ತರದ ಆಸಾಮಿಯೊಬ್ಬ ಲಾರಿಗೇ ಬಾಯಿ ಹಾಕಿದ್ದಾನೆ ಎಂದು ತಿಳಿಯಬೇಕು. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತಿ, ಹಿಡಿಯನ್ನು ತೆಗೆದು, ಪಕ್ಕಕ್ಕೊಮ್ಮೆ ಉಗಿದು, "ಮೂರನೇ ನಾಝಲ್ಲು ಚಿಮ್ಮುತ್ತಿಲ್ಲ, ಜೊಲ್ಲು ಸುರಿಸ್ತಿದೆ. ನಿಮ್ ಡ್ರೈವರ್ ಥರ" ಎಂದು ಮಾಲೀಕರಿಗೆ ವರದಿ ಒಪ್ಪಿಸುತ್ತಿದ್ದರು. ಡ್ರೈವರು ಪಕ್ಕದಲ್ಲೇ ನಿಂತಿರುತ್ತಿದ್ದ. ಅವನು ನಿಂತಿದ್ದಾನೆಂದೇ ಆ ಮಾತು.

ಚಾಮರಾಜಪೇಟೆಯಲ್ಲಿ ಅವರದೊಂದು ಅಂಗಡಿ. ಅಂಗಡಿ ಎಂದರೆ ತಗಡಿನ ಮಾಡು, ಒಂದು ಉದ್ದನೆಯ ಮೇಜು, ಪಂಪು ಪರೀಕ್ಷಿಸುವ ಒಂದು ಯಂತ್ರ, ಮತ್ತು ಯಾರೂ ಕೂರಬಾರದೆಂದು ಅವರು ತಲೆಕೆಳಗಾಗಿ ಇಟ್ಟಿದ್ದ ಒಂದು ಸ್ಟೂಲು. ಇಂಜಿನ್ ಬಿಚ್ಚುವ ಕೆಲಸ ಅವರದಲ್ಲ. ಇಂಜಿನ್ನಿಗೆ ಡೀಸೆಲ್ ಅಳೆದು ಕೊಡುವ ಪಂಪು, ಅದನ್ನು ಚಿಮ್ಮಿಸುವ ನಾಝಲ್ಲು, ಇಷ್ಟೇ ಅವರ ರಾಜ್ಯ. "ಇಂಜಿನ್ನು ಹೊಟ್ಟೆ. ನಾನು ಬಡಿಸೋನು" ಎನ್ನುತ್ತಿದ್ದರು. "ಜಾಸ್ತಿ ಬಡಿಸಿದ್ರೆ ಕರೀ ಹೊಗೆ. ಕಮ್ಮಿ ಬಡಿಸಿದ್ರೆ ದಿಣ್ಣೆ ಹತ್ತಲ್ಲ. ಬೇಗ ಬಡಿಸಿದ್ರೆ ಟಕಟಕ ಅಂತ ಬಡ್ಕೊಳುತ್ತೆ, ಲೇಟಾಗಿ ಬಡಿಸಿದ್ರೆ ಕಾವು ಏರಿ ಕೂತ್ಬಿಡುತ್ತೆ. ಗಂಡಸ್ರೂ ಹಂಗೇ ತಾನೆ?"

ಪಂಪಿನ ಪಕ್ಕದಲ್ಲಿ ಒಂದು ಸಣ್ಣ ತಿರುಪು ಇರುತ್ತದೆ. ಇಂಜಿನ್ನು ಹೆಚ್ಚೆಂದರೆ ಎಷ್ಟು ಡೀಸೆಲ್ ಕುಡಿಯಬಹುದು ಎಂಬುದನ್ನು ತೀರ್ಮಾನಿಸುವುದು ಅದು. ಅದನ್ನು ಹದಕ್ಕೆ ಕೂರಿಸಿದ ಮೇಲೆ ಮುನಿಯಪ್ಪನವರು ತಿರುಪಿಗೂ ಪಂಪಿನ ಮುಚ್ಚಳಕ್ಕೂ ಸೇರಿಸಿ ತೆಳುವಾದ ತಂತಿ ಸುತ್ತಿ, ತುದಿಗೆ ಸೀಸದ ಗುಂಡು ಪೋಣಿಸಿ, ಇಕ್ಕಳದಿಂದ ಅದುಮುತ್ತಿದ್ದರು. ಗುಂಡಿನ ಮೇಲೆ 'ಮು' ಎಂಬ ಅಕ್ಷರ ಮೂಡುತ್ತಿತ್ತು. ಅದು ಸೀಲು. ಬೆಂಗಳೂರಿನ ಪಂಪು ಮೆಕ್ಯಾನಿಕ್ಕುಗಳಲ್ಲಿ ಒಂದು ಕಟ್ಟುಪಾಡಿತ್ತು: ಒಬ್ಬನ ಸೀಲನ್ನು ಇನ್ನೊಬ್ಬ ಒಡೆಯುವಂತಿಲ್ಲ. ಸೀಲು ಹಾಕಿದವನೇ ಒಡೆಯಬೇಕು, ಇಲ್ಲವೇ 'ನೀನು ಮಾಡ್ಕೋ ಮಾರಾಯ' ಎಂದು ಬಾಯಿಬಿಟ್ಟು ಹೇಳಬೇಕು. ಮಾಲೀಕನೇ ಕತ್ತರಿಸಿ ತಂದರಂತೂ ಯಾರೂ ಮುಟ್ಟುತ್ತಿರಲಿಲ್ಲ. ಎಲ್ಲಿಯೂ ಬರೆದಿಟ್ಟ ಕಾನೂನಲ್ಲ. ಆದರೆ ಮದುವೆಯ ಕಟ್ಟುಪಾಡಿಗಿಂತ ಚೆನ್ನಾಗಿ ನಡೆಯುತ್ತಿತ್ತು.

ನಾನು ಪಕ್ಕದ ಪಾರ್ಸೆಲ್ ಆಫೀಸಿನಲ್ಲಿ ಬುಕಿಂಗ್ ಕ್ಲರ್ಕು. ಗೋಣಿಚೀಲಗಳ ಮೇಲೆ ಊರ ಹೆಸರು ಬರೆಯುವುದು ನನ್ನ ನೌಕರಿ, ಊರ ಜನರನ್ನೆಲ್ಲ ಅಣಕಿಸುವುದು ನನ್ನ ಕಸುಬು. ಮ್ಯಾನೇಜರ್ ಕೆಮ್ಮುವುದು, ಹಮಾಲರು ಮೂಟೆ ಎತ್ತುವಾಗ ಹಾಕುವ ಕೂಗು, ಪೊಲೀಸಿನವನ ಸೀಟಿ, ಸ್ಟಾರ್ಟ್ ಆಗದ ಲಾರಿ, ಯಾವುದನ್ನೂ ಬಿಟ್ಟವನಲ್ಲ. ಬಸವನಗುಡಿಯ ಮನೆಯಲ್ಲಿ ಅಮ್ಮ, "ಒಂದ್ಸಲ ನಿನ್ ಸ್ವಂತ ದನೀಲಿ ಮಾತಾಡೋ, ಕೇಳಿ ವರ್ಷಗಳಾಯ್ತು" ಎನ್ನುತ್ತಿದ್ದಳು. ಹೆಣ್ಣು ನೋಡಲು ಹೋದ ಮನೆಯಲ್ಲಿ ಹುಡುಗಿಯ ಸೋದರಮಾವನಂತೆ ಮಾತಾಡಿ ತೋರಿಸಿ ಆ ಸಂಬಂಧವನ್ನೂ ಕಳೆದುಕೊಂಡೆ. ಹುಡುಗಿ ನಕ್ಕಿದ್ದಳು. ಸೋದರಮಾವ ನಗಲಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಪೆನ್ಸಿಲು ಕಚ್ಚಿಕೊಂಡು, ತೂಕದ ಯಂತ್ರದ ಮೇಲೆ ಬಗ್ಗಿ, ಮುನಿಯಪ್ಪನವರನ್ನು ಮಾಡಿ ತೋರಿಸುತ್ತಿದ್ದೆ. ನಗುತ್ತಿದ್ದ ಹಮಾಲರೆಲ್ಲ ಒಮ್ಮೆಗೇ ಗಂಭೀರವಾದರು. ತಿರುಗಿ ನೋಡಿದರೆ ಹಿಂದೆ ಅವರೇ ನಿಂತಿದ್ದಾರೆ. ನನ್ನ ಕತೆ ಮುಗಿಯಿತು ಎಂದುಕೊಂಡೆ. ಅವರು ತಲೆಯನ್ನು ಎಡಕ್ಕೆ ತಿರುಗಿಸಿ ಬಲಗಿವಿಯನ್ನು ನನ್ನತ್ತ ಹಿಡಿದು, "ಎಲ್ಲರ ದನೀನೂ ಬರುತ್ತೇನೋ?" ಎಂದರು.

"ಸುಮಾರಾಗಿ ಬರುತ್ತೆ ಸಾರ್."

"ವೈಯಾಲಿಕಾವಲ್ ಬೋರೇಗೌಡನ್ನ ಮಾಡು."

"ಅವರ್ಯಾರು ಅಂತ ನಂಗೊತ್ತಿಲ್ವಲ್ಲ ಸಾರ್."

"ತಿಳ್ಕೋ" ಎಂದು ಹೇಳಿ ಹೊರಟುಹೋದರು. ಅಂದಿನಿಂದ ನನ್ನ ಹೆಸರು 'ರೇಡಿಯೋ' ಆಯಿತು.

ತಿಳಿದುಕೊಳ್ಳುವುದು ಕಷ್ಟವಾಗಲಿಲ್ಲ. ಮೂಲೆಯ ಕಾಫಿ ಹೋಟೆಲಿನಲ್ಲಿ ಆ ಕತೆಯನ್ನು ಹೇಳದವರೇ ಇರಲಿಲ್ಲ. ಬೋರೇಗೌಡರು ಲಾರಿ ಮಾಲೀಕರು. ಬಿಳಿ ಜುಬ್ಬಾ, ಬಿಳಿ ಪಂಚೆ. ಎದುರಿಗಿರುವವನು ಕಿವುಡನಲ್ಲದಿದ್ದರೂ ಕಿವುಡನೆಂದೇ ತಿಳಿದು ಮಾತಾಡುವ ಗಂಟಲು. ನಾನು ಈ ಕೆಲಸಕ್ಕೆ ಸೇರುವ ಕೆಲವು ವರ್ಷ ಮೊದಲು ಮುನಿಯಪ್ಪನವರು ಅವರದೊಂದು ಲಾರಿಯ ಪಂಪು ಹದ ಮಾಡಿ ಸೀಲು ಹಾಕಿ ಕಳಿಸಿದ್ದರು. ಅದರ ಡ್ರೈವರ್ ರಂಗನಿಗೆ ಅವಸರ ಜಾಸ್ತಿ. ಅವನು ದಾರಿಯಲ್ಲಿ ಆ ತಂತಿ ಕತ್ತರಿಸಿ, ತಿರುಪು ತಿರುಗಿಸಿ, ಇಂಜಿನ್ನಿಗೆ ಕಂಠಪೂರ್ತಿ ಡೀಸೆಲ್ ಕುಡಿಸಿ, ಗೊತ್ತಾಗದಿರಲೆಂದು ಬೇರೆ ಸೀಸದ ಗುಂಡೊಂದನ್ನು ಕಟಿಂಗ್ ಪ್ಲೇಯರಿನಲ್ಲಿ ಜಜ್ಜಿ ಸಿಕ್ಕಿಸಿದ. ಮಂಗಳೂರು ಹೆಂಚು ಹೇರಿಕೊಂಡು ಘಾಟಿ ಹತ್ತುವಾಗ ಲಾರಿ ಕರೀ ಹೊಗೆ ಕಾರಿ, ಕಾದು, ಅರ್ಧದಲ್ಲೇ ನಿಂತುಬಿಟ್ಟಿತು. ಇಂಜಿನ್ನು ಹಾಳಾಯಿತು.

ಬೋರೇಗೌಡರು ನೇರವಾಗಿ ಚಾಮರಾಜಪೇಟೆಗೆ ಬಂದರು. ಮುನಿಯಪ್ಪನವರು ಆಗ ಹೋಟೆಲಿನ ಮುಂದೆ ಕಾಫಿ ಲೋಟ ಹಿಡಿದು ನಿಂತಿದ್ದರು. "ಏ ಮುನಿಯಾ, ಏನೋ ಮಾಡಿಟ್ಟಿದೀಯ ನನ್ ಗಾಡೀಗೆ?" ಎಂದು ಗೌಡರು. "ಸೀಲ್ ಮೇಲೆ ಅಕ್ಷರ ಇದ್ಯಾ ನೋಡಿ ಗೌಡ್ರೆ. ನನ್ ಸೀಲಾದ್ರೆ ಅಕ್ಷರ ಇರ್ಬೇಕು" ಎಂದು ಇವರು. ನೋಡಲು ಗೌಡರಿಗೆ ಪುರುಸೊತ್ತಿರಲಿಲ್ಲ. ಕೈ ಬೀಸಿದರು. ಆ ಏಟಿನ ಸದ್ದನ್ನು ನನಗೆ ಬಾಯಲ್ಲಿ ಮಾಡಿ ತೋರಿಸದವರಿಲ್ಲ. ಅಷ್ಟು ಜನ ಅಲ್ಲಿದ್ದರು. ಲೋಟ ಮೋರಿಗೆ ಬಿತ್ತು. ಮುನಿಯಪ್ಪನವರ ಎಡಗಿವಿಯಲ್ಲಿ ರಕ್ತ ಬಂತು. ಒಳಗಿನ ತಮಟೆ ಹರಿದಿದೆ, ಇನ್ನು ಆ ಕಿವಿ ಕೇಳಿಸುವುದಿಲ್ಲ ಎಂದರು ಆಸ್ಪತ್ರೆಯವರು.

ಇಂಜಿನ್ನಿನ ಮಾತು ಕೇಳಿ ಬದುಕುವವನ ಕಿವಿ ಅದು. ಹಲ್ಲಿನಿಂದ ಕೇಳುವುದನ್ನು ಅವರು ಕಲಿತದ್ದು ಆಮೇಲೆ.

ಅವರು ಪೊಲೀಸಿಗೆ ಹೋಗಲಿಲ್ಲ. ಯಾರೋ ಪರಿಹಾರ ಕೊಡಿಸುವ ಮಾತೆತ್ತಿದಾಗ ಅವರನ್ನೂ ಅಟ್ಟಿದರು. "ಹೊಡೆದಿದ್ದು ಹೋಟೆಲ್ ಮುಂದೆ. ತಪ್ಪಾಯ್ತು ಅನ್ನೋದೂ ಹೋಟೆಲ್ ಮುಂದೇನೇ ಆಗ್ಬೇಕು. ಏನಂದು ಕರೆದ್ನೋ, ಅದನ್ನೂ ಸರಿಯಾಗಿ ಕರೀಬೇಕು" ಎನ್ನುವುದು ಅವರ ಹಟ. ಆ ದಿನ ಕಾಫಿ ಕುಡಿಯುತ್ತಾ ಸುಮ್ಮನೆ ನಿಂತಿದ್ದವರನ್ನೆಲ್ಲ ಅವರು ಒಬ್ಬೊಬ್ಬರನ್ನಾಗಿ ಶಿಕ್ಷಿಸಿದರು. "ಹೋಗ್ಲಿ ಬಿಡಿ ಮುನಿಯಪ್ಪ, ದೊಡ್ಡೋರು" ಎಂದು ಸಮಾಧಾನ ಹೇಳಿದ್ದ ಸಪ್ಲೈಯರ್ ಶ್ರೀನಿವಾಸನ ಕಡೆ ವರ್ಷಗಟ್ಟಲೆ ನೋಡಲೇ ಇಲ್ಲ. ಅವನು ಎಡಗಡೆಯಿಂದ ಬಂದು ನಮಸ್ಕಾರ ಹೇಳಿದರೆ ಕೇಳಿಸಲಿಲ್ಲ ಎನ್ನುವರು, ಬಲಗಡೆಯಿಂದ ಹೇಳಿದರೆ ಎಡಗಡೆ ತಿರುಗಿಕೊಳ್ಳುವರು. ಆ ಹೋಟೆಲಿನ ಕಾಫಿಯನ್ನಂತೂ ಮುಟ್ಟಲಿಲ್ಲ. ಎದುರಿಗೇ ಒಳ್ಳೆಯ ಕಾಫಿ ಇದ್ದರೂ ಬಿಸಿಲಲ್ಲಿ ನಡೆದು ದೂರದ ಅಂಗಡಿಯಲ್ಲಿ ಕೆಟ್ಟ ಚಹಾ ಕುಡಿದು ಬರುತ್ತಿದ್ದರು. ಹಾಗೆ ಕುಡಿದು ಬಂದಾಗಲೆಲ್ಲ ಬೋರೇಗೌಡರ ಮೇಲಿನ ಕೋಪ ಹೊಸದಾಗುತ್ತಿತ್ತು. ಆ ಚಹಾ ಕುಡಿದರೆ ಯಾರ ಮೇಲಾದರೂ ಕೋಪ ಬರುವಂಥದೇ.

ರಂಗನ ವಿಷಯ ನಾನು ಕಣ್ಣಾರೆ ಕಂಡದ್ದು. ಅವನು ಬೇರೆ ಮಾಲೀಕರ ಲಾರಿ ಓಡಿಸಿಕೊಂಡು ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಇಳಿದ. ನಮ್ಮ ಆಫೀಸಿನವರೆಲ್ಲ ಚೀಲ ಬಿಟ್ಟು ಬಾಗಿಲಿಗೆ ಬಂದೆವು. ಮುನಿಯಪ್ಪನವರು ಒಂದು ಮಾತೂ ಆಡದೆ ಪಂಪು ಹದ ಮಾಡಿ, ಸೀಲು ಹಾಕಿ, ಕಳಿಸಿಕೊಟ್ಟರು. ನನಗೆ ಭಾರೀ ನಿರಾಸೆ.

"ಅಷ್ಟೇನಾ ಸಾರ್? ನಾನಾಗಿದ್ರೆ ಪಂಪ್‌ಗೆ ಮರಳು ತುಂಬಿ ಕಳಿಸ್ತಿದ್ದೆ."

"ಥೂ! ಇಂಜಿನ್ ಏನೋ ಮಾಡ್ತು ನಿಂಗೆ? ಬಾಯಿಲ್ದೇ ಇರೋದಕ್ಕೆ ಯಾಕೋ ಶಿಕ್ಷೆ? ಸುಮ್ನೆ ನೋಡ್ತಿರು."

ಮಧ್ಯಾಹ್ನಕ್ಕೆ ರಂಗ ವಾಪಸು ಬಂದ. ಆಕ್ಸಿಲರೇಟರಿನ ಮೇಲಿಂದ ಕಾಲು ತೆಗೆದರೆ ಇಂಜಿನ್ನು ಆರಿಹೋಗುತ್ತಿತ್ತು. ಓಡುವಾಗ ಕುದುರೆ, ನಿಂತರೆ ಹೆಣ. ಪೊಲೀಸಿನವನು ಕೈ ತೋರಿಸಿದಲ್ಲೆಲ್ಲ ಲಾರಿ ಸತ್ತು, ಹಿಂದಿನ ಗಾಡಿಗಳವರೆಲ್ಲ ರಂಗನ ತಾಯಿಯವರೆಗೆ ಹೋಗಿ ಬಂದಿದ್ದರು. ನಿಂತಾಗ ಇಂಜಿನ್ನು ಉಸಿರಾಡುವಂತೆ ನೋಡಿಕೊಳ್ಳುವ ಇನ್ನೊಂದು ತಿರುಪನ್ನು ಮುನಿಯಪ್ಪನವರು ಕೂದಲೆಳೆಯಷ್ಟು ಇಳಿಸಿದ್ದರು, ಅಷ್ಟೇ. "ನಾಳೆ ಬಾ" ಎಂದರು. ಮರುದಿನವೂ "ನಾಳೆ ಬಾ." ಕೊನೆಗೆ ರಂಗ ಹೋಟೆಲಿನ ಮುಂದೆ ನಿಂತು, ಸೀಲು ಒಡೆದದ್ದು ತಾನೇ ಎಂದು ಎಲ್ಲರೆದುರು ಅತ್ತ. ಮುನಿಯಪ್ಪನವರು ಹೋಗಿ ತಿರುಪನ್ನು ಏರಿಸಿ ಕೊಟ್ಟರು. "ನಿನ್ನದು ಮುಗೀತು" ಎಂದರು. ಅವರ ಬಾಯಿಂದ ಆ ಮಾತು ಕೇಳಿದ ಅದೃಷ್ಟವಂತ ನನಗೆ ತಿಳಿದಂತೆ ರಂಗನೊಬ್ಬನೇ.

ಆದರೆ ಬೋರೇಗೌಡರಿಗೆ ಈ ಸುದ್ದಿ ಮುಟ್ಟಿದರೂ ಅವರು ಬರಲಿಲ್ಲ. "ಮೆಕ್ಯಾನಿಕ್ಕಿಗೆ ಒಂದು ಏಟು ಬಿದ್ರೆ ಅದೊಂದು ವಿಷ್ಯಾನಾ?" ಎಂದರಂತೆ. ನಾನಷ್ಟರಲ್ಲಿ ಅವರನ್ನು ಮಾರ್ಕೆಟ್ಟಿನಲ್ಲಿ ನೋಡಿ, ದನಿ ಹಿಡಿದುಕೊಂಡು ಬಂದಿದ್ದೆ. ಆ ಮಾತನ್ನು ಅವರದೇ ಗಂಟಲಲ್ಲಿ ಮುನಿಯಪ್ಪನವರ ಬಲಗಿವಿಗೆ ಹಾಕಿದೆ. ಅವರು ಕೈಯಲ್ಲಿದ್ದ ನಾಝಲ್ಲನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು. ಆ ದಿನ ಅವರ ಜೊತೆ ಯಾರೂ ಮಾತಾಡಲಿಲ್ಲ. ನಾನೂ ಸಹ, ಒಂದು ದಿನಪೂರ್ತಿ, ಯಾರ ದನಿಯಲ್ಲೂ.

ಇದಾದ ಮೇಲೆ ಒಂದು ಭಾನುವಾರ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಹೋಗುತ್ತಿದ್ದೆ. ಒಂದು ಲಾರಿ ವಿಚಿತ್ರವಾಗಿ ಉಸಿರಾಡುತ್ತಾ ನಿಂತಿತ್ತು. ಊಂ ಎಂದು ಏರುವುದು, ಉಸ್ಸೆಂದು ಬೀಳುವುದು, ಮತ್ತೆ ಊಂ ಎಂದು ಏರುವುದು. ಜ್ವರ ಬಂದ ಎಮ್ಮೆಯ ಹಾಗೆ. ಪಕ್ಕದಲ್ಲಿ ನಿಂತು ಡ್ರೈವರನ್ನು ಬೈಯುತ್ತಿದ್ದವರು ಸಾಕ್ಷಾತ್ ಬೋರೇಗೌಡರು. ಸೋಮವಾರ ಆಫೀಸಿಗೆ ಹೋದವನೇ ಚೀಲದ ಮೇಲೆ ಕೂತು ಆ ಲಾರಿಯನ್ನು ಮಾಡಿದೆ. ಹಮಾಲರು ನಕ್ಕರು. ಪಕ್ಕದ ಅಂಗಡಿಯಿಂದ ಮುನಿಯಪ್ಪನವರು ಬಂದರು.

"ಇನ್ನೊಂದ್ಸಲ ಮಾಡು." ಮಾಡಿದೆ. "ನಿಂತಾಗ ಮಾಡೋದಾ, ಓಡೋವಾಗ್ಲಾ?"

"ನಿಂತಾಗ ಸಾರ್."

"ಗವರ್ನರ್ ಒಳಗಿನ ತೊಗಲು ಹರಿದಿದೆ" ಎಂದರು. ಇಂಜಿನ್ನಿನ ಓಟಕ್ಕೆ ಕಡಿವಾಣ ಹಾಕುವ ಭಾಗ ಗವರ್ನರು. ಅದರೊಳಗೆ ತಮಟೆಯ ಹಾಗೆ ಬಿಗಿದ ಒಂದು ತೊಗಲಿರುತ್ತದೆ. "ಯಾರ ಗಾಡಿನೋ ಅದು?"

"ಬೋರೇಗೌಡ್ರದ್ದು."

ಅವರು ಆ ಸದ್ದನ್ನು ತಾವೂ ಒಮ್ಮೆ ಗುನುಗಿ ನೋಡಿ, ಗುರುತು ಹತ್ತಿದವರಂತೆ, "ಮುಂದಿನ ಹಲಗೆ ಮೇಲೆ ಹಸಿರು ಗಿಣಿ ಬರೆದಿತ್ತಾ?" ಎಂದರು.

"ಇತ್ತು. ಸ್ವಲ್ಪ ಕಾಗೆ ಥರ ಇತ್ತು."

"ಅದು ಕುಮಾರ ಪಾರ್ಕ್‌ನೋರ ಗಾಡಿ. ಇವನು ಸೆಕೆಂಡ್ ಹ್ಯಾಂಡ್ ತಗೊಂಡಿದಾನೆ. ಅದ್ರ ಪಂಪ್ ನಾನು ಮಾಡಿರೋದು" ಎಂದವರು, ಹತ್ತಿಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಾ, "ಅದ್ರ ಮೇಲೆ ನನ್ ಸೀಲಿದೆ" ಎಂದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಚೆನ್ನಾಗಿರಲಿಲ್ಲ. ಅಭ್ಯಾಸ ತಪ್ಪಿದ ನಗು.

ಗೌಡರು ಪಂಪು ಬಿಚ್ಚಿಸಿಕೊಂಡು ಮೆಜೆಸ್ಟಿಕ್ ಹತ್ತಿರದ ಅಂಗಡಿಗೆ ಹೋದರು. ಅಲ್ಲಿಯವರು ಸೀಸದ ಗುಂಡನ್ನು ತಿರುಗಿಸಿ ನೋಡಿ, "ಇದು ಚಾಮರಾಜಪೇಟೆಗೆ ಹೋಗ್ಬೇಕಲ್ಲ ಗೌಡ್ರೆ" ಎಂದು ಹಾಗೇ ವಾಪಸು ಕೊಟ್ಟರು. ಇನ್ನೊಂದು ಅಂಗಡಿಯಲ್ಲೂ ಅದೇ. ತುಮಕೂರಿಗೆ ಕಳಿಸಿದರು, ಅಲ್ಲಿ ಕೂತಿದ್ದವನು ಮುನಿಯಪ್ಪನವರ ಶಿಷ್ಯ. ಅವನು ಪಂಪಿಗೆ ಕೈಮುಗಿದು ಕಳಿಸಿದನಂತೆ. ಗಿಣಿಯ ಲಾರಿ ವೈಯಾಲಿಕಾವಲಿನ ಮನೆಯ ಮುಂದೆ ಹಸುಗಳಿಗೆ ನೆರಳಾಗಿ ನಿಂತುಬಿಟ್ಟಿತು. ಸಕ್ಕರೆ ಕಾರ್ಖಾನೆಯ ಬಾಡಿಗೆ ಕೈತಪ್ಪುವುದರಲ್ಲಿತ್ತು.

ಮೊದಲು ಬಂದವನು ಗೌಡರ ಡ್ರೈವರು. "ಹೊಡೆದಿದ್ದು ನೀನಾ? ಅಲ್ವಲ್ಲ. ಹೋಗು." ಆಮೇಲೆ ಗೌಡರ ತಮ್ಮ ಹಣ್ಣಿನ ಬುಟ್ಟಿ ಹಿಡಿದು ಬಂದರು. "ಹಣ್ಣು ಚೆನ್ನಾಗಿದೆ. ಕಿವಿಗೆ ಹಾಕ್ಕೊಳ್ಳೋಕಾಗಲ್ಲ. ತಗೊಂಡೋಗಿ." ಕೊನೆಗೆ ಬಂದವರು ಗೌಡರ ಕಡೆಯ ಒಬ್ಬ ಪುಢಾರಿ. ತಲೆಕೆಳಗಾದ ಸ್ಟೂಲನ್ನು ತಾವೇ ನೆಟ್ಟಗೆ ಮಾಡಿಕೊಂಡು ಕೂತು, ಸಮಾಜದಲ್ಲಿ ಎಲ್ಲರೂ ಅಣ್ಣತಮ್ಮಂದಿರಂತೆ ಬಾಳಬೇಕು ಎಂದು ಭಾಷಣ ಮಾಡಿದರು. ಮುನಿಯಪ್ಪನವರು ಎಡಗಿವಿಯನ್ನು ಅವರತ್ತ ತಿರುಗಿಸಿ, ಕೊನೆಯವರೆಗೂ ಭಕ್ತಿಯಿಂದ ತಲೆದೂಗಿದರು. ಭಾಷಣ ಮುಗಿದ ಮೇಲೆ, "ಏನೋ ಹೇಳಿದ್ರಿ. ಈ ಕಿವಿ ಬೋರೇಗೌಡ್ರ ಹತ್ರ ಇದೆ, ಅಲ್ಲೇ ಹೋಗಿ ಹೇಳಿ" ಎಂದರು.

ಗೌಡರು ಬಂದದ್ದು ಬೆಳಿಗ್ಗೆ, ಹೋಟೆಲಿನಲ್ಲಿ ಕಾಫಿಗೆ ಜನ ಮುತ್ತಿರುವ ಹೊತ್ತಿನಲ್ಲಿ. ಹೊತ್ತನ್ನು ಗೊತ್ತುಮಾಡಿದ್ದು ಮುನಿಯಪ್ಪನವರೇ. ಇನ್ನೊಂದು ಲಾರಿಗೆ ಹಗ್ಗ ಕಟ್ಟಿ ಗಿಣಿಯ ಲಾರಿಯನ್ನು ಎಳೆಸಿಕೊಂಡು ಬಂದರು. ನಾನು ಆಫೀಸಿನ ಕಡೆ ಬೆನ್ನು ಮಾಡಿ ನಿಂತೆ. ಮ್ಯಾನೇಜರೂ ಬಂದು ನನ್ನ ಪಕ್ಕ ನಿಂತದ್ದರಿಂದ ನೌಕರಿಗೆ ಅಪಾಯವಿರಲಿಲ್ಲ.

"ಏ ಮುನಿಯಾ, ಏನೋ ನಿಂದು?" ಎಂದರು ಗೌಡರು. ಅವರು ನಿಂತಿದ್ದದ್ದು ಎಡಗಡೆ. ಮುನಿಯಪ್ಪನವರು ಹೋಟೆಲಿನ ಮುಂದೆ ನಿಂತು ನಾಝಲ್ಲು ಒರೆಸುತ್ತಿದ್ದರು, ಒರೆಸುತ್ತಲೇ ಇದ್ದರು.

"ಮುನಿಯಾ! ತಪ್ಪಾಯ್ತು, ಸೀಲು ಬಿಚ್ಚಿ ಕೆಲ್ಸ ನೋಡು."

ಇವರು ಆಕಾಶ ನೋಡಿದರು. ಗೌಡರು ಬಲಗಡೆಗೆ ಹೆಜ್ಜೆ ಇಟ್ಟರೆ ಇವರೂ ತಿರುಗಿದರು. ಗೌಡರು ಸುತ್ತು ಹಾಕಿದಂತೆ ಇವರೂ ಸುತ್ತು ಹಾಕಿದರು. ರಸ್ತೆಯ ನಡುವೆ ಇಬ್ಬರು ದೊಡ್ಡ ಮನುಷ್ಯರು ಬುಗುರಿಯಾಟ ಆಡುತ್ತಿರುವಂತೆ ಕಾಣುತ್ತಿತ್ತು. ಕೊನೆಗೆ ಗೌಡರಿಗೆ ಅರ್ಥವಾಯಿತು. ಆ ತಪ್ಪೊಪ್ಪಿಗೆ ಹೋಗಬೇಕಾದ ಬಾಗಿಲು ಒಂದೇ, ಅದನ್ನು ಮುಚ್ಚಿದವರು ತಾವೇ.

"ಮುನಿಯಪ್ಪಾ, ತಪ್ಪಾಯ್ತು ಕಣಯ್ಯಾ!"

"ಹಾಂ? ಏನೋ ಗುಂಯ್ ಅಂದಂಗಾಯ್ತು."

ಹೋಟೆಲಿನ ಒಳಗಿದ್ದವರು ಲೋಟ ಹಿಡಿದುಕೊಂಡೇ ಹೊರಗೆ ಬಂದರು. ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದವರು ನಿಂತರು. ಗೌಡರ ಕತ್ತಿನ ನರಗಳು ಹಗ್ಗವಾದವು. ಹಲ್ಲು ಕಚ್ಚಿಕೊಂಡು, ಮುಷ್ಟಿ ಬಿಗಿದುಕೊಂಡು, ಇನ್ನೊಂದು ಏಟು ಹೊಡೆಯುವವರಂತೆ ಮುಂದಕ್ಕೆ ಬಾಗಿ, ಆ ಸತ್ತ ಕಿವಿಗೆ ಬಾಯಿಟ್ಟು ಕಿರುಚಿದರು: "ಮುನಿಯಪ್ಪನೋರೇ! ತಪ್ಪಾಯ್ತೂ! ಹೊಡೀಬಾರ್ದಾಗಿತ್ತೂ! ಸಾಕಾ?"

ಮಾರ್ಕೆಟ್ಟಿನವರೆಗೆ ಕೇಳಿಸಿರಬೇಕು. ಮರದಲ್ಲಿದ್ದ ಕಾಗೆಗಳು ಎದ್ದವು. ಕೇಳಿಸದಿದ್ದದ್ದು ಆ ಇಡೀ ರಸ್ತೆಯಲ್ಲಿ ಒಬ್ಬರಿಗೆ ಮಾತ್ರ. ಮುನಿಯಪ್ಪನವರು ಗೌಡರತ್ತ ನೋಡಲಿಲ್ಲ, ಲೋಟ ಹಿಡಿದು ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದರು. ಅವರಿಗೆಲ್ಲ ಕೇಳಿಸಿದೆ ಎಂದು ಖಾತ್ರಿಯಾದ ಮೇಲೆ, "ಹೂಂ. ಪಂಪ್ ಇಳಿಸಿ" ಎಂದರು.

ತೊಗಲು ಬದಲಾಯಿಸಿದರು. ಹರಿದದ್ದನ್ನು ಗೌಡರ ಅಂಗೈಯಲ್ಲಿಟ್ಟು, "ನಿಮ್ ಗಾಡಿ ತೊಗಲು ನಾನು ಬದಲಾಯಿಸಿ ಕೊಟ್ಟೆ. ನನ್ನದು ನೀವು ಬದಲಾಯಿಸ್ಕೊಡ್ತೀರಾ?" ಎಂದು ಕೇಳಿದರು. ಪಂಪನ್ನು ಇಂಜಿನ್ನಿಗೆ ಕೂರಿಸುವಾಗ ಡೀಸೆಲ್ ಯಾವ ಗಳಿಗೆಗೆ ಒಳಗೆ ಹೋಗಬೇಕೆಂದು ಗೊತ್ತುಮಾಡಬೇಕು. ಒಬ್ಬರು ಇಂಜಿನ್ನನ್ನು ಕೈಯಿಂದ ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋಗಬೇಕು, ಒಬ್ಬರು ಕೈಪಂಪು ಒತ್ತುತ್ತಿರಬೇಕು, ಬಾಗಿದ ಕೊಳವೆಯ ತುದಿಯಲ್ಲಿ ಡೀಸೆಲ್ ಧಾರೆ ತೆಳುವಾಗಿ, ಹನಿಯಾಗಿ, ಹನಿಯೂ ನಿಲ್ಲುವ ಗಳಿಗೆಯನ್ನು ಒಬ್ಬರು ಕಾಯಬೇಕು. ಕಾಯುವವರು ಮುನಿಯಪ್ಪನವರು. ತಿರುಗಿಸಲು ಅಂಗಡಿಯ ಹುಡುಗನಿದ್ದ. ಕೈಪಂಪು ಒತ್ತಲು ಅವರು ಗೌಡರ ಕಡೆ ಬೆರಳು ತೋರಿಸಿದರು.

"ನಾನಾ?"

"ನಿಮ್ ಗಾಡಿ ತಾನೆ?"

ಬಿಳಿ ಜುಬ್ಬಾದ ತೋಳು ಮಡಿಸಿಕೊಂಡು ಗೌಡರು ಒತ್ತಿದರು. ಗಾಳಿ ಹೊರಗೆ ಹೋಗುವ ತಿರುಪಿನಿಂದ ನೊರೆ ನೊರೆಯಾಗಿ ಡೀಸೆಲ್ ಚಿಮ್ಮಿ ಜುಬ್ಬಾದ ಮೇಲೆ ನಕ್ಷೆ ಬರೆಯಿತು. "ಇನ್ನೂ ಗಾಳಿ ಇದೆ, ಒತ್ತಿ... ಇನ್ನೂ ಇದೆ." ಆ ಪಂಪಿನಲ್ಲಿ ಅಷ್ಟು ಗಾಳಿ ಇತ್ತೆಂದು ನಾನು ನಂಬುವುದಿಲ್ಲ. ಆದರೆ ಹನಿಯ ವಿಷಯದಲ್ಲಿ ಅವರು ಕೂದಲೆಳೆಯಷ್ಟೂ ಮೋಸ ಮಾಡಲಿಲ್ಲ. ಸ್ಟಾರ್ಟ್ ಮಾಡಿದಾಗ ಗಿಣಿಯ ಲಾರಿ ಊಟವಾದ ಯಜಮಾನನಂತೆ ಗುರುಗುಟ್ಟಿತು. ಹೊಸ ತಂತಿ, ಹೊಸ ಸೀಸ, ಅದರ ಮೇಲೆ ಅದೇ ಅಕ್ಷರ. ಗೌಡರು ಹೊರಟುಹೋದರು.

ನಾವೆಲ್ಲ ಮುನಿಯಪ್ಪನವರನ್ನು ಸುತ್ತುಗಟ್ಟಿದೆವು. ಶ್ರೀನಿವಾಸ ಕಾಫಿ ತಂದ. ಅವರು ತೆಗೆದುಕೊಳ್ಳಲಿಲ್ಲ. ಜನ ಚದುರಿದ ಮೇಲೆ ನನ್ನ ತೋಳು ಹಿಡಿದು ತಮ್ಮ ಅಂಗಡಿಯೊಳಗೆ ಎಳೆದುಕೊಂಡು ಹೋಗಿ ಬಲಗಿವಿ ಕೊಟ್ಟರು.

"ಏನಂದ?"

"ಕೇಳಿಸ್ಲಿಲ್ವಾ ಸಾರ್?"

"ಆ ಕಿವೀಲಿ ಎಲ್ಲೋ ಕೇಳಿಸುತ್ತೆ? ಹೇಳೋ. ಅವನ ಥರಾನೇ ಹೇಳು."

ಹೇಳಿದೆ. ಆಗ ಅವರ ಮುಖ ನೋಡಿದವನು ನಾನೊಬ್ಬನೇ. ಅದು ಖುಷಿಯೆಂದು ಹೇಳಲಾರೆ. ಎಷ್ಟೋ ವರ್ಷ ಕಾದು ಕುಳಿತ ಹಸಿವಿನ ಮುಂದೆ ಎಲೆ ಹಾಕಿದಂತೆ ಇತ್ತು. "ಇನ್ನೊಂದ್ಸಲ" ಎಂದರು. ಆಮೇಲೆ ಅದೊಂದು ಅಭ್ಯಾಸವೇ ಆಯಿತು. ಕೆಲಸ ಕಡಿಮೆಯಿದ್ದಾಗ, ಚಹಾ ಕೆಟ್ಟದಾಗಿದ್ದಾಗ, ಸುಮ್ಮನೆ ಬೇಜಾರಾದಾಗ, "ರೇಡಿಯೋ, ಹಾಕು" ಎಂದು ಬಲಗಿವಿ ತಿರುಗಿಸುವರು. ನಾನು ಹಾಕುವೆ. "ಸಮಾಧಾನ ಆಯ್ತಾ ಸಾರ್?" ಎಂದು ಒಮ್ಮೆ ಕೇಳಿದೆ. "ಕಿವಿ ವಾಪಸ್ ಬಂತೇನೋ?" ಎಂದರು.

ನನಗೆ ಬೇರೆ ಕಡೆ ಕೆಲಸ ಸಿಕ್ಕಿತು. ಹೊಸ ಬಗೆಯ ಲಾರಿಗಳು ಬಂದವು, ಪಂಪುಗಳು ಕಂಪನಿಯ ವರ್ಕ್‌ಶಾಪಿಗೆ ಹೋಗತೊಡಗಿದವು. ಕಳೆದ ವರ್ಷ ಅವರ ಮನೆಗೆ ಹೋದೆ. ಅದೇ ಕೊನೆಯ ಭೇಟಿಯಾಯಿತು. ಚಾಮರಾಜಪೇಟೆಯ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆ. ಜೀವಮಾನವೆಲ್ಲ ಕುಡಿದ ಹೊಗೆ ಎದೆಯಲ್ಲಿ ಕೂತಿತ್ತು. ಮಂಚ ಬಿಟ್ಟು ಏಳುತ್ತಿರಲಿಲ್ಲ. ಅವರ ಹೆಂಡತಿ ಲಕ್ಷ್ಮಮ್ಮ ಬಾಗಿಲಲ್ಲೇ, "ಅದನ್ನೆಲ್ಲ ನೆನಪಿಸ್ಬೇಡಪ್ಪ, ಬಿಪಿ ಏರುತ್ತೆ" ಎಂದು ಎಚ್ಚರಿಸಿ ಅಡುಗೆಮನೆಗೆ ಹೋದರು.

ಕೂತ ತಕ್ಷಣ ಅವರು ಕೇಳಿದ್ದು, "ಅವನು ಇದಾನಾ?"

"ಇದಾರೆ ಸಾರ್. ಗಟ್ಟಿಮುಟ್ಟಾಗಿದಾರೆ. ಕಲ್ಯಾಣ ಮಂಟಪ ಕಟ್ಟಿಸ್ತಿದಾರೆ."

"ಇರ್ಲಿ, ಇರ್ಲಿ. ನಂಗಿಂತ ಮುಂಚೆ ಹೋಗ್ಬಾರ್ದು. ಹೋದ್ರೆ ನಾನು ನೋಡೋಕೆ ಹೋಗ್ಬೇಕಾಗುತ್ತೆ. ಮಲಗಿಸಿರೋದು ನೋಡಿದ್ರೆ ಅಯ್ಯೋ ಪಾಪ ಅನ್ಸ್ಬಿಡುತ್ತೆ. ಎಲ್ಲಾ ಹಾಳಾಗುತ್ತೆ." ಕೆಮ್ಮಿದರು. ಕೆಮ್ಮು ನಿಂತ ಮೇಲೆ ಬಲಗಿವಿ ನನ್ನತ್ತ ಬಂತು. "ಹಾಕು."

ಆ ಮುಖ, ಆ ಉಸಿರು ನೋಡಿ ನನಗೆ ಮನಸ್ಸು ಬರಲಿಲ್ಲ. ಒಳ್ಳೆಯದೇ ಆಗಲಿ ಎಂದುಕೊಂಡು ಗೌಡರ ದನಿಯನ್ನು ಸ್ವಲ್ಪ ಮೆತ್ತಗೆ ಮಾಡಿದೆ.  ಗಂಟಲು ನಡುಗಿಸಿದೆ, ಅಲ್ಲಲ್ಲಿ ಬಿಕ್ಕಿದೆ. "ಮುನಿಯಪ್ಪನೋರೇ, ನನ್ನಿಂದ ದೊಡ್ಡ ತಪ್ಪಾಗೋಯ್ತು. ನಿಮ್ಮಂಥೋರ ಮೇಲೆ ಕೈ ಮಾಡ್ಬಿಟ್ಟೆ. ದಯವಿಟ್ಟು ಕ್ಷಮಿಸ್ಬೇಕು" ಎಂದೆ. ನನ್ನ ಕಣ್ಣಿಗೇ ನೀರು ಬಂತು. ಅಷ್ಟು ಚೆನ್ನಾಗಿ ಮಾಡಿದ್ದೆ.

ಅವರು ಕಣ್ಣು ತೆರೆದು ನನ್ನನ್ನು ದುರುಗುಟ್ಟಿ ನೋಡಿದರು.

"ಯಾರೋ ಇವನು?"

"ಬೋರೇಗೌಡ್ರು, ಸಾರ್."

"ಅಲ್ಲ. ಇವನ್ಯಾರೋ ಒಳ್ಳೇವ್ನು. ಇವನ ಮೇಲೆ ನಂಗ್ಯಾವ ಕೋಪಾನೂ ಇಲ್ಲ. ಕಳಿಸ್ಬಿಡು ಪಾಪ" ಎಂದರು. "ಅವನನ್ನ ಕರ್ಕೊಂಡ್ ಬಾ."

ನಾನು ಎದ್ದು ನಿಂತೆ. ಹಲ್ಲು ಕಚ್ಚಿದೆ, ಮುಷ್ಟಿ ಬಿಗಿದೆ. ಕತ್ತಿನ ನರ ಉಬ್ಬುವಷ್ಟು ಉಸಿರು ತುಂಬಿಕೊಂಡು, ಹೊಡೆಯಲು ಬಂದವನಂತೆ ಮಂಚದ ಮೇಲೆ ಬಗ್ಗಿ, ಗಲ್ಲಿಯ ನಾಯಿಗಳೆಲ್ಲ ಬೊಗಳತೊಡಗುವಷ್ಟು ಜೋರಾಗಿ ಕಿರುಚಿದೆ: "ಮುನಿಯಪ್ಪನೋರೇ! ತಪ್ಪಾಯ್ತೂ! ಹೊಡೀಬಾರ್ದಾಗಿತ್ತೂ! ಸಾಕಾ?"

ಅವರ ಮುಖ ಸಡಿಲವಾಯಿತು. ದಿಂಬಿಗೆ ತಲೆ ಒರಗಿಸಿ, "ಹೂಂ. ಇವನೇ" ಎಂದರು.

ಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದರು. "ಯಾರ್ರೀ ಅದು ಕಿರುಚಿದ್ದು? ಯಾರು ಬಂದಿದಾರೆ?"

"ಬೋರೇಗೌಡ" ಎಂದರು ಮುನಿಯಪ್ಪನವರು, ಕಣ್ಣು ಮುಚ್ಚಿಕೊಂಡೇ. "ಹೊರಗೇ ನಿಂತಿರ್ಲಿ ಅಂತ ಹೇಳು."